ಒನ್ಸ್ ಮೋರ್

ದಸರೆಯ ರಜೆಗೆಂದು ಬೆಂಗಳೂರಿನ ಮಗಳ ಮನೆಗೆ ಹೋದವನು ಹದಿನೈದು ದಿನಗಳಲ್ಲಿ ಧಾರವಾಡಕ್ಕೆ ಮರಳಬೇಕಾಗಿತ್ತು. ಮರಳಿದ್ದು ಸಂಕ್ರಾಂತಿ ಕಳೆದ ಮೇಲೆ. ನಡುವೆ ನಡೆದುದನ್ನು ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ಸಂಕೋಚ ಒಂದು ಕಡೆ, ಇದರಲ್ಲಿ ನನ್ನದೂ ಒಂದು ಪಾಲು ತಪ್ಪಿದೆ ಎಂಬ ಅಳುಕು ಇನ್ನೊಂದು ಕಡೆ. ಕೊನೆಗೆ ಮೊಮ್ಮಗಳನ್ನೇ ಕೇಳಿದೆ. 'ಬರಿ ಅಜ್ಜ, ಆದರೆ ನನ್ನ ಹೆಸರು ಹಾಕ್ಬೇಡ' ಎಂದಳು. ಆದ್ದರಿಂದ ಇಲ್ಲಿ ಅವಳು ಕೇವಲ ಮೊಮ್ಮಗಳು. ವಯಸ್ಸು ಹನ್ನೊಂದು, ಆರನೆಯ ತರಗತಿ.

ನಾನು ಹೋದ ಮರುದಿನವೇ ಶನಿವಾರ. ಬೆಳಿಗ್ಗೆ ಆರೂವರೆಗೆ ತಂದೆ ಮಗಳಿಬ್ಬರೂ ಹೊರಡುವ ಸಿದ್ಧತೆಯಲ್ಲಿದ್ದರು. ಮಗಳ ತಲೆಗೆ ಹೆಲ್ಮೆಟ್, ಮೊಣಕೈ ಮೊಣಕಾಲುಗಳಿಗೆ ಗಟ್ಟಿ ಕವಚ, ಕಂಕುಳಲ್ಲಿ ನಾಲ್ಕು ಚಕ್ರದ ಹಲಗೆ. ಅಳಿಯಂದಿರ ಕೈಯಲ್ಲಿ ಮೊಬೈಲು, ಅದನ್ನು ಅಲುಗದಂತೆ ಹಿಡಿಯುವ ಒಂದು ಕೋಲು. ಯುದ್ಧಕ್ಕೆ ಹೊರಟವಳು ಅವಳು, ವರದಿಗೆ ಹೊರಟವರು ಅವರು ಎಂಬಂತೆ ತೋರಿತು. ಬಡಾವಣೆಯ ಆಚೆ, ಯಾರೋ ಆಸಕ್ತ ಯುವಕರು ಸೇರಿ ಕಟ್ಟಿದ ಸಿಮೆಂಟಿನ ತಗ್ಗೊಂದಿದೆ. ನೀರಿಲ್ಲದ ಕೆರೆಯಂತೆ ಸುತ್ತಲೂ ಇಳಿಜಾರು. ಆ ದಂಡೆಯ ಮೇಲಿಂದ ನನ್ನ ಮೊಮ್ಮಗಳು ಹಲಗೆಯ ಮೇಲೆ ನಿಂತು ಒಳಕ್ಕೆ ಧುಮುಕಿದಾಗ ನನ್ನ ಎದೆ ಒಂದು ಕ್ಷಣ ನಿಂತೇ ಹೋಯಿತು. ಅವಳು ಆ ಕಡೆಯ ಗೋಡೆಯನ್ನೇರಿ, ತಿರುಗಿ, ಈ ಕಡೆಗೆ ಬಂದು, ಏನೂ ಆಗಿಲ್ಲವೆಂಬಂತೆ ನನ್ನ ಮುಂದೆ ನಿಂತಳು. ಅಳಿಯಂದಿರು ತಲೆಯೆತ್ತಲಿಲ್ಲ. ಅವರು ಅಷ್ಟರಲ್ಲಿ ಚಿತ್ರ ಸರಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದರು.

ಅವಳ ವಿಡಿಯೊಗಳನ್ನು ಹಲವು ಸಾವಿರ ಮಂದಿ ನೋಡುತ್ತಾರಂತೆ. ಖಾತೆ ತಂದೆಯ ಹೆಸರಿನಲ್ಲಿ, ಏಕೆಂದರೆ ಹದಿಮೂರು ತುಂಬದವರಿಗೆ ಖಾತೆ ತೆರೆಯಲು ಆ ಕಂಪನಿಗಳ ನಿಯಮವೇ ಒಪ್ಪುವುದಿಲ್ಲ. ಕಣ್ಣು ಮಾತ್ರ ಮಗುವಿನದು, ಸಹಿ ತಂದೆಯದು. ಮೂವತ್ತಾರು ವರ್ಷ ಹಾಜರಿ ಪುಸ್ತಕ ಬರೆದವನಿಗೆ ಇದೊಂದು ವಿಚಿತ್ರ ಹಾಜರಿಯೆಂದು ತೋರಿತು. ಹುಡುಗಿ ಒಂದು ವಾರ ಕಾಣದಿದ್ದರೆ ಎಲ್ಲೆಲ್ಲಿಯವರೋ 'ಏಕೆ ಬಂದಿಲ್ಲ?' ಎಂದು ಕೇಳುತ್ತಾರೆ.

'ಇದನ್ನೆಲ್ಲ ಯಾರು ಕಲಿಸಿದರವ್ವಾ?' ಎಂದು ಕೇಳಿದೆ. 'ಸ್ಕೈ ಬ್ರೌನ್' ಎಂದಳು. ಆಕೆಯೇನು ಇವಳ ಗುರುವೆಂದು ಬಗೆದು, ಎಲ್ಲಿರುತ್ತಾಳೆಂದು ವಿಚಾರಿಸಿದೆ. ಮೊಮ್ಮಗಳು ಬಿದ್ದುಬಿದ್ದು ನಕ್ಕಳು. ಆಮೇಲೆ ತಿಳಿಯಿತು, ಈ ಗುರು ಶಿಷ್ಯೆಯನ್ನು ಕಂಡೇ ಇಲ್ಲ. ಆ ಗುರುವೂ ಹೀಗೆಯೇ ಕಾಣದ ಗುರುಗಳಿಂದ ಕಲಿತವಳು. ಸ್ಕೈ ಹುಟ್ಟಿದ್ದು 2008ರ ಜುಲೈಯಲ್ಲಿ, ಜಪಾನಿನ ಮಿಯಾಝಾಕಿಯಲ್ಲಿ. ತಾಯಿ ಜಪಾನಿನವರು, ತಂದೆ ಬ್ರಿಟಿಷರು. ಊರು ಕಡಲ ತೀರದ್ದು, ಅಲೆಯೇರುವ ಸರ್ಫಿಂಗಿಗೆ ಹೆಸರಾದದ್ದು. ಅಲೆಯ ಮೇಲಿನ ಹಲಗೆ, ನೆಲದ ಮೇಲಿನ ಹಲಗೆ ಎರಡನ್ನೂ ಚಿಕ್ಕಂದಿನಿಂದಲೇ ಹಿಡಿದಳು. ಸ್ಕೇಟ್‌ಬೋರ್ಡಿನ ಪಟ್ಟುಗಳನ್ನು ಯೂಟ್ಯೂಬ್ ನೋಡಿ ಕಲಿತೆನೆಂದು ಅವಳೇ ಹೇಳಿಕೊಂಡಿದ್ದಾಳೆ. 2016ರಲ್ಲಿ, ಎಂಟನೆಯ ವಯಸ್ಸಿಗೆ, ವ್ಯಾನ್ಸ್ ಯುಎಸ್ ಓಪನ್ ಸ್ಪರ್ಧೆಯಲ್ಲಿ ದೊಡ್ಡವರ ಜೊತೆ ಇಳಿದ ಅತಿ ಕಿರಿಯಳೆನಿಸಿದಳು. 2018ರಲ್ಲಿ ಅಮೆರಿಕದ ಟಿವಿಯ ಮಕ್ಕಳ ನೃತ್ಯ ಸ್ಪರ್ಧೆಯನ್ನೂ ಗೆದ್ದಳು. ತಮ್ಮನ ಜೊತೆ ಸೇರಿ ಮಾಡಿದ ವಿಡಿಯೊಗಳು ಅಷ್ಟರಲ್ಲಿ ಜಗತ್ತನ್ನು ಸುತ್ತಿದ್ದವು. ಪದಕಕ್ಕಿಂತ ಮೊದಲು ಹೆಸರು ಬಂದಿತು. ನಮ್ಮ ಕಾಲದಲ್ಲಿ ಇದರ ಕ್ರಮ ತಿರುವುಮುರುವಾಗಿತ್ತು.

ಇಲ್ಲಿ ಒಂದು ಭೌತಶಾಸ್ತ್ರದ ಮಾತು ಹೇಳದೆ ಮುಂದೆ ಹೋಗಲಾರೆ. ಹಳೆಯ ವಿದ್ಯಾರ್ಥಿಗಳು ಕ್ಷಮಿಸಬೇಕು. ಮೊದಲ ದಿನ ನನ್ನನ್ನು ಕಾಡಿದ ಪ್ರಶ್ನೆ ಇದು: ದಂಡೆಯಿಂದ ಇಳಿದ ಹಲಗೆ ಆಚೆಯ ಗೋಡೆಯಲ್ಲಿ ಇಳಿದಷ್ಟೇ ಎತ್ತರಕ್ಕೆ, ಘರ್ಷಣೆಯಿಂದಾಗಿ ಅದಕ್ಕಿಂತ ತುಸು ಕಡಿಮೆ ಎತ್ತರಕ್ಕೆ ಏರಬೇಕು. ಆದರೆ ಇವರು ನೆಲಕ್ಕೆ ಕಾಲನ್ನೂ ತಾಗಿಸದೆ ಸುತ್ತು ಸುತ್ತಿಗೆ ಹೆಚ್ಚು ಹೆಚ್ಚು ಎತ್ತರಕ್ಕೆ ಹೋಗುತ್ತಾರಲ್ಲ, ಆ ಶಕ್ತಿ ಎಲ್ಲಿಂದ ಬಂದಿತು? ಮೊಮ್ಮಗಳ ಮೊಣಕಾಲುಗಳನ್ನೇ ನೋಡುತ್ತ ಕುಳಿತೆ. ಇಳಿಯುವಾಗ ಕುಕ್ಕರಿಸುತ್ತಾಳೆ, ತಳದಿಂದ ಗೋಡೆ ಬಾಗಿ ಮೇಲೇಳುವ ಜಾಗದಲ್ಲಿ ಥಟ್ಟನೆ ಕಾಲು ನೀಡಿ ನಿಲ್ಲುತ್ತಾಳೆ. ಕಂಡೊಡನೆ ನನಗೆ ನಮ್ಮೂರ ನಾಗರಪಂಚಮಿ ಕಣ್ಣಿಗೆ ಕಟ್ಟಿತು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯ ಮೇಲೆ ನಿಂತು ನಮ್ಮ ಅಕ್ಕಂದಿರು ಜೀಕುತ್ತಿದ್ದುದು ಹೀಗೆಯೇ ಅಲ್ಲವೆ? ಯಾರೂ ತಳ್ಳಬೇಕಿರಲಿಲ್ಲ. ಮೇಲೆ ಕುಕ್ಕರಿಸುವುದು, ಕೆಳಗೆ ಬಂದಾಗ ಎದ್ದು ನಿಲ್ಲುವುದು. ತಳದಲ್ಲಿ ವೇಗ ಹೆಚ್ಚಿರುವುದರಿಂದ ದೇಹ ತನ್ನ ತೂಕಕ್ಕಿಂತ ಭಾರವೆನಿಸುತ್ತದೆ. ಆ ಭಾರವನ್ನು ಎತ್ತಿ ನಿಲ್ಲುವಾಗ ಸ್ನಾಯುಗಳು ಮಾಡುವ ಕೆಲಸವೇ ಹೊಸ ಶಕ್ತಿಯಾಗಿ ಚಲನೆಗೆ ಸೇರುತ್ತದೆ. ಕನ್ನಡದಲ್ಲಿ 'ಜೀಕು' ಎಂಬ ಒಂದೇ ಶಬ್ದ ಇಷ್ಟನ್ನೂ ಹೇಳಿಬಿಡುತ್ತದೆ. ಇದನ್ನು ವಿವರಿಸಿದಾಗ ಮೊಮ್ಮಗಳು 'ಅದಕ್ಕೆ ಪಂಪಿಂಗ್ ಅಂತಾರೆ ಅಜ್ಜ' ಎಂದು ನನ್ನನ್ನೇ ತಿದ್ದಿದಳು. ಆದರೆ ಮರುದಿನ ತನ್ನ ಗೆಳತಿಗೆ 'ಜೀಕು, ಜೀಕು' ಎಂದು ಕೂಗುವುದನ್ನು ಕೇಳಿ ನನ್ನ ಪಿಂಚಣಿ ಸಾರ್ಥಕವೆನಿಸಿತು.

ಆ ತಗ್ಗಿನ ಆಕಾರವೂ ಕಾರಣವಿಲ್ಲದೆ ಬಂದುದಲ್ಲ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯದ ಸರ್ಫಿಂಗ್ ಹುಡುಗರು ಅಲೆಯಿಲ್ಲದ ದಿನಗಳಲ್ಲಿ ಹೊತ್ತು ಕಳೆಯಲು ಹಲಗೆಗೆ ಚಕ್ರ ಜೋಡಿಸಿ ಬೀದಿಯಲ್ಲಿ ಆಡತೊಡಗಿದರು. 1970ರ ದಶಕದಲ್ಲಿ ನೆಲವನ್ನು ಚೆನ್ನಾಗಿ ಹಿಡಿಯುವ ಪಾಲಿಯುರಿಥೇನ್ ಚಕ್ರಗಳು ಬಂದವು. ಅದೇ ದಶಕದ ನಡುವೆ ಅಲ್ಲಿ ಬರ ಬಿದ್ದು ಮನೆಮನೆಯ ಈಜುಕೊಳಗಳು ಬತ್ತಿದಾಗ, ಆ ಬರಿದಾದ ಕೊಳಗಳ ಬಾಗಿದ ಗೋಡೆಗಳೇ ಈ ಹುಡುಗರಿಗೆ ಅಲೆಗಳಾದವು. ಇಂದು ಒಲಿಂಪಿಕ್ಸಿನಲ್ಲಿ 'ಪಾರ್ಕ್' ಎಂಬ ವಿಭಾಗದ ಅಂಗಣ ಆ ಖಾಲಿ ಕೊಳದ ವಂಶಸ್ಥ. ಬರದಿಂದ ಹುಟ್ಟಿದ ಆಟ! ಬರವನ್ನು ಕಂಡ ನಮ್ಮ ಬಯಲುಸೀಮೆಯವರಿಗೆ ಇಂಥದ್ದೊಂದು ಹೊಳೆಯದೆ ಹೋಯಿತು, ಏಕೆಂದರೆ ನಮ್ಮಲ್ಲಿ ಬತ್ತಲು ಈಜುಕೊಳಗಳಿರಲಿಲ್ಲ.

ಸ್ಕೇಟ್‌ಬೋರ್ಡಿಂಗ್ ಮತ್ತು ಸರ್ಫಿಂಗ್ ಎರಡೂ ಒಲಿಂಪಿಕ್ಸಿಗೆ ಮೊದಲು ಬಂದದ್ದು ಟೋಕಿಯೋ ಕೂಟದಲ್ಲಿ. ಸಾಂಕ್ರಾಮಿಕದಿಂದಾಗಿ 2020ರ ಕೂಟ 2021ಕ್ಕೆ ಸರಿದಿತ್ತು. ಆಗಸ್ಟ್ 4ರಂದು ನಡೆದ ಮಹಿಳೆಯರ ಪಾರ್ಕ್ ಅಂತಿಮ ಸ್ಪರ್ಧೆಯನ್ನು ಮೊಮ್ಮಗಳು ನನಗೆ ಮೂರು ಸಲ ತೋರಿಸಿದಳು. ಪ್ರತಿಯೊಬ್ಬರಿಗೂ ನಲವತ್ತೈದು ಸೆಕೆಂಡಿನ ಮೂರು ಅವಕಾಶ, ಮೂರರಲ್ಲಿ ಅತ್ಯುತ್ತಮವಾದುದೇ ಲೆಕ್ಕಕ್ಕೆ. ಸ್ಕೈ ಮೊದಲೆರಡರಲ್ಲಿಯೂ ಬಿದ್ದಳು. ಗೋಡೆಯ ಅಂಚಿನಿಂದ ಗಾಳಿಗೇರಿ, ಪಾದದಿಂದ ಹಲಗೆಯನ್ನು ಒಂದು ಸುತ್ತು ಉರುಳಿಸಿ, ಉರುಳಿದ ಹಲಗೆಯನ್ನು ಕೈಯಲ್ಲಿ ಹಿಡಿದು ಮತ್ತೆ ಕಾಲಿಗೆ ತಂದುಕೊಳ್ಳಬೇಕು. ಅದು ಎರಡು ಬಾರಿಯೂ ಕೈತಪ್ಪಿತು. ಮೂರನೆಯ ಬಾರಿಗೆ ಮುನ್ನ, ಅಗ್ರಸ್ಥಾನದಲ್ಲಿದ್ದ ಜಪಾನಿನ ಸಕುರಾ ಯೊಸೊಝುಮಿಯೇ ಬಂದು ನಿನ್ನಿಂದಾಗುತ್ತದೆಂದು ಧೈರ್ಯ ಹೇಳಿದಳಂತೆ. ಹೇಳಿದಂತೆಯೇ ಆಯಿತು. ಸಕುರಾಗೆ 60.09 ಅಂಕಗಳಿಂದ ಚಿನ್ನ, ಹನ್ನೆರಡು ವರ್ಷದ ಕೊಕೊನಾ ಹಿರಾಕಿಗೆ 59.04ರಿಂದ ಬೆಳ್ಳಿ, ಸ್ಕೈಗೆ 56.47ರಿಂದ ಕಂಚು. ಆ ದಿನ ಸ್ಕೈಗೆ ಹದಿಮೂರು ವರ್ಷ ಇಪ್ಪತ್ತೆಂಟು ದಿನ. ಬ್ರಿಟನ್ನಿನ ಒಲಿಂಪಿಕ್ ಪದಕ ವಿಜೇತರಲ್ಲಿಯೇ ಕಿರಿಯಳು. ಆದರೆ ಆ ಸ್ಪರ್ಧೆಯಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಪದಕವಲ್ಲ. ಜಪಾನಿನ ಮಿಸುಗು ಒಕಮೊಟೊ ಎಂಬ ಹದಿನೈದರ ಬಾಲೆ ತನ್ನ ಕೊನೆಯ ಅವಕಾಶದಲ್ಲಿ ಬಿದ್ದು, ನಾಲ್ಕನೆಯವಳಾಗಿ ಅಳುತ್ತ ಬಂದಾಗ, ಎದುರಾಳಿಗಳೇ ಆಕೆಯನ್ನು ಹೆಗಲ ಮೇಲೆ ಹೊತ್ತರು. ಗೆದ್ದವರನ್ನು ಹೊರುವುದನ್ನು ಕಂಡಿದ್ದೇನೆ, ಬಿದ್ದವಳನ್ನು ಹೊತ್ತದ್ದು ಅದೇ ಮೊದಲು ಕಂಡೆ.

ಇಂಥ ಮಕ್ಕಳು ಒಬ್ಬಿಬ್ಬರಲ್ಲ. ಬ್ರೆಜಿಲಿನ ಇಂಪರಾಟ್ರಿಜ್ ಊರಿನ ರೈಸಾ ಲಿಯಾಲ್ 2015ರಲ್ಲಿ, ಏಳರ ವಯಸ್ಸಿನಲ್ಲಿ, ನೀಲಿ ಬಣ್ಣದ ಕಿನ್ನರಿಯ ವೇಷದಲ್ಲಿ ಮೆಟ್ಟಿಲುಗಳಿಂದ ಹಲಗೆಯೊಡನೆ ಹಾರಿದ ತುಣುಕನ್ನು ಹೆಸರಾಂತ ಸ್ಕೇಟರ್ ಟೋನಿ ಹಾಕ್ ಎಲ್ಲರಿಗೂ ತೋರಿಸಿದರು. ರಾತ್ರಿ ಕಳೆಯುವುದರೊಳಗೆ ಅವಳು ಬ್ರೆಜಿಲಿಗೆಲ್ಲ 'ಪುಟ್ಟ ಕಿನ್ನರಿ'ಯಾದಳು. ಟೋಕಿಯೋದಲ್ಲಿ ಬೆಳ್ಳಿ, 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದಳು. ನಮ್ಮ ನೆರೆಯ ಮಹಾಬಲಿಪುರದ ಕಮಲಿ ಎಂಬ ಮೀನುಗಾರರ ಮನೆಯ ಹುಡುಗಿ ಬರಿಗಾಲಿನಲ್ಲಿ, ಫ್ರಾಕು ತೊಟ್ಟು, ಸ್ಕೇಟ್‌ಬೋರ್ಡಿನ ಮೇಲೆ ಇಳಿಯುತ್ತಿರುವ ಚಿತ್ರವನ್ನೂ ಅದೇ ಟೋನಿ ಹಾಕ್ ಹಂಚಿದರು. ಅವಳ ಮತ್ತು ಅವಳ ತಾಯಿಯ ಬದುಕಿನ ಕುರಿತಾದ 'ಕಮಲಿ' ಎಂಬ ಕಿರುಚಿತ್ರ 2020ರಲ್ಲಿ ಬ್ರಿಟನ್ನಿನ ಬಾಫ್ತಾ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಯಿತು. ಆ ಹುಡುಗಿ ಚಿತ್ರದಲ್ಲಿಯೇ ಉಳಿಯದೆ ಕಡಲಿಗಿಳಿದಳು. ನಮ್ಮ ಮೂಲ್ಕಿಯ ಬಳಿಯ ಸಸಿಹಿತ್ಲು ಕಡಲತೀರದ ರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆಗೂ ಬಂದಿದ್ದಾಳೆ. (ಅಂದ ಹಾಗೆ, 2025ರ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್ ಮಹಾಬಲಿಪುರದಲ್ಲಿಯೇ ನಡೆದಾಗ ಕಂಚು ಗೆದ್ದವರು ಕರ್ನಾಟಕದ ರಮೇಶ್ ಬೂದಿಹಾಳ. ಹೆಸರು ಕೇಳಿದೊಡನೆ ನಮ್ಮ ಕಡೆಯದೆಂದು ಕಿವಿ ನಿಮಿರಿತು.) ಕಿನ್ನರಿಯ ವೇಷ, ಬಿಳಿಯ ಫ್ರಾಕು! ಹುಡುಗಿಯ ಆಟವನ್ನು ನೋಡಲು ಲೋಕಕ್ಕೆ ಇನ್ನೂ ಒಂದು ಅಂಗಿಯ ನೆಪ ಬೇಕಾಗುತ್ತದೆಯೇನೋ. ಇದು ನಮ್ಮಾಕೆಯ ಮಾತು, ನನ್ನದಲ್ಲ. ಆದರೆ ಉತ್ತರ ನನಗೂ ಹೊಳೆಯಲಿಲ್ಲ.

ಈಗ ಬೀಳುವ ಮಾತಿಗೆ ಬರುತ್ತೇನೆ. 2020ರ ಮೇ ತಿಂಗಳ ಕೊನೆಯಲ್ಲಿ ಕ್ಯಾಲಿಫೋರ್ನಿಯದಲ್ಲಿ ಅಭ್ಯಾಸ ಮಾಡುತ್ತಿದ್ದ ಸ್ಕೈ ಎತ್ತರದ ರ‍್ಯಾಂಪಿನಿಂದ ತಲೆಕೆಳಗಾಗಿ ಬಿದ್ದಳು. ತಲೆಬುರುಡೆ ಬಿರುಕು ಬಿಟ್ಟಿತು, ಎಡಗೈ ಮತ್ತು ಮಣಿಕಟ್ಟು ಮುರಿದವು; ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ದರು. ಹೆಲ್ಮೆಟ್ ಇದ್ದುದರಿಂದ ಜೀವ ಉಳಿಯಿತು. ಆಗ ಅವಳಿಗೆ ಹನ್ನೊಂದು ವರ್ಷ, ಅಂದರೆ ನನ್ನ ಮೊಮ್ಮಗಳ ಇಂದಿನ ವಯಸ್ಸು. ಕೆಲವೇ ದಿನಗಳಲ್ಲಿ ಆ ಬೀಳುವ ದೃಶ್ಯವೂ, ಆಸ್ಪತ್ರೆಯ ಹಾಸಿಗೆಯಿಂದ ಅವಳು ಆಡಿದ ಮಾತೂ ಜಗತ್ತಿನ ಮುಂದೆ ಬಂದವು. ತಾನು ಸಾಮಾನ್ಯವಾಗಿ ಬಿದ್ದದ್ದನ್ನು ತೋರಿಸುವುದಿಲ್ಲ, ಆಟದ ಸಂತೋಷವನ್ನಷ್ಟೇ ಜನ ನೋಡಲಿ ಎಂಬುದು ತನ್ನ ಆಸೆ, ಆದರೆ ಇದು ತಾನು ಬಿದ್ದುದರಲ್ಲೆಲ್ಲ ಕೆಟ್ಟದ್ದು, ಯಾರೂ ಗಾಬರಿಯಾಗಬೇಡಿ ಎಂಬುದು ಅದರ ತಾತ್ಪರ್ಯ. ತಂದೆತಾಯಿ ಒಲಿಂಪಿಕ್ಸಿನ ಆಸೆಯನ್ನೇ ಬಿಡೋಣವೆಂದು ಹಿಂಜರಿದಾಗ ಅವರನ್ನು ಒಪ್ಪಿಸಿದವಳು ಅವಳೇ. ಮುಂದೆ 2024ರ ಪ್ಯಾರಿಸ್ಸಿನಲ್ಲಿಯೂ ಕೀಲು ತಪ್ಪಿದ ಭುಜದ ನೋವಿನೊಡನೆ ಇಳಿದು ಮತ್ತೊಂದು ಕಂಚು ತಂದಳು. ಆ ದಿನ ಚಿನ್ನ ಗೆದ್ದ ಆಸ್ಟ್ರೇಲಿಯದ ಅರಿಸಾ ಟ್ರೂಗೆ ಹದಿನಾಲ್ಕು ವರ್ಷ. ಅದೇ ವಿಭಾಗದಲ್ಲಿ ಚೀನದ ಝೆಂಗ್ ಹಾವೊಹಾವೊ ಸ್ಪರ್ಧಿಸಿದಾಗ ಅವಳಿಗೆ ಹನ್ನೊಂದು. ಜಿಮ್ನಾಸ್ಟಿಕ್ಸಿನಲ್ಲಿ ಹದಿನಾರಾಗದೆ ಹುಡುಗಿಯರನ್ನು ಒಲಿಂಪಿಕ್ಸಿಗೆ ಬಿಡುವುದಿಲ್ಲ. ಸಿಮೆಂಟಿನ ತಗ್ಗಿಗೆ ಮಾತ್ರ ಹನ್ನೊಂದಾದರೂ ಸಾಕಾಯಿತು. ಈ ತರತಮ ನನಗೆ ಅರ್ಥವಾಗಿಲ್ಲ.

ನಮ್ಮ ಮನೆಯಲ್ಲಿ ನಡೆದದ್ದು ರಜೆಯ ಎರಡನೆಯ ಶನಿವಾರ. ಮೊಮ್ಮಗಳು ಒಂದು ಹೊಸ ತಿರುವನ್ನು ಕಲಿಯುತ್ತಿದ್ದಳು. ಎಂಟು ಹತ್ತು ಸಲ ಪ್ರಯತ್ನಿಸಿ ಕಡೆಗೊಮ್ಮೆ ಸಾಧಿಸಿದಳು. ಅಳಿಯಂದಿರು 'ಸೂಪರ್!' ಎಂದರು. ನಾನು ಆ ಹೊತ್ತಿಗೆ ಸರಿಯಾಗಿ ಕನ್ನಡಕದ ಗಾಜು ಒರೆಸುತ್ತಿದ್ದೆ. ಅವಳು ಓಡಿ ಬಂದು 'ನೋಡಿದ್ಯಾ ಅಜ್ಜ?' ಎಂದಳು. ಅವಳ ಮುಖ ಬೆವತಿತ್ತು, ಮೊಣಕಾಲುಗಳು ಸಣ್ಣಗೆ ನಡುಗುತ್ತಿದ್ದವು. ನಾಲ್ಕು ದಶಕ ಮಕ್ಕಳ ಕಾಲುಗಳನ್ನು ನೋಡಿದವನಿಗೆ ಅವು ದಣಿದಿವೆಯೆಂದು ತಿಳಿಯಬಾರದೇ? ಮತ್ತೆ ದಂಡೆಗೇರಿದಳು. ಐದು ಅಡಿ ಎತ್ತರದಿಂದ ಇಳಿದ ಹಲಗೆ ತಳ ಮುಟ್ಟುವಾಗ ಗಂಟೆಗೆ ಸುಮಾರು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿರುತ್ತದೆ. ಲೆಕ್ಕವನ್ನು ಹಿಂದಿನ ದಿನವೇ ಕಾಗದದ ಮೇಲೆ ಮಾಡಿ ಅವಳಿಗೆ ತೋರಿಸಿದ್ದವನು ನಾನೇ. ಹಲಗೆ ಒಂದು ಕಡೆ ಹೋಯಿತು, ಮಗು ಒಂದು ಕಡೆ. ಎಡಗೈ ಊರಿ ಬಿದ್ದಳು. ಮಣಿಕಟ್ಟಿನ ಎಲುಬು ಮುರಿದಿತ್ತು. ತಲೆಗೆ ಏನೂ ಆಗಲಿಲ್ಲ, ಹೆಲ್ಮೆಟ್ಟಿನ ಮೇಲೆ ಒಂದು ಗೀರು ಮಾತ್ರ.

ಆಸ್ಪತ್ರೆಯಿಂದ ಬಂದು ಮೂರು ದಿನಗಳಾದ ಮೇಲೆ ಅಳಿಯಂದಿರು ಊಟದ ಹೊತ್ತಿನಲ್ಲಿ ಮಾತು ತೆಗೆದರು. 'ಮಾವ, ಎಲ್ಲರೂ ಕೇಳ್ತಾ ಇದ್ದಾರೆ. ಬಿದ್ದ ವಿಡಿಯೊ ಹಾಕಿ, ಅವಳು ಚೆನ್ನಾಗಿದ್ದಾಳೆ ಅಂತ ಹೇಳಿಬಿಡೋಣ ಅನ್ಕೊಂಡಿದ್ದೀನಿ. ಸ್ಕೈ ಕೂಡ ಹಾಕಿದ್ದಳಲ್ಲ, ಎಷ್ಟೋ ಮಕ್ಕಳಿಗೆ ಅದರಿಂದ ಧೈರ್ಯ ಬಂತು.' ಅವರು ಕೆಟ್ಟವರಲ್ಲ. ಮಗಳ ಮೇಲೆ ಪ್ರಾಣವಿಟ್ಟುಕೊಂಡವರು. ಆ ರಾತ್ರಿಯೆಲ್ಲ ಅವಳ ಹಾಸಿಗೆಯ ಪಕ್ಕದಲ್ಲಿ ಕುಳಿತೇ ಇದ್ದರು. ಆದರೂ ನನಗೆ ಸಿಟ್ಟು ಬಂದಿತು. 'ಕೂಸಿನ ನೋವು ಊರಿಗೆಲ್ಲ ತೋರಸೂದು ಬ್ಯಾಡ್ರಿ. ಅದೇನು ಬಯಲಾಟ ಏನ್ರಿ?' ಎಂದೆ. ಮಗಳು ಇಬ್ಬರ ಮೇಲೂ ಹರಿಹಾಯ್ದಳು. 'ಅಪ್ಪಾ, ನೀವೂ ಸುಮ್ನಿರ್ರಿ. ಇವರೂ ಸುಮ್ನಿರ್ಲಿ. ಮೊದಲು ಅದರಾಗ ಏನೈತಿ ನೋಡೂಣು' ಎಂದು ಮೊಬೈಲು ಕಸಿದುಕೊಂಡಳು.

ಮೂವರೂ ನೋಡಿದೆವು. ಇಪ್ಪತ್ತೆರಡು ಸೆಕೆಂಡಿನ ದೃಶ್ಯ. ಮೊದಲಿಗೆ ದಂಡೆಯ ಮೇಲೆ ನಿಂತ ಮಗು. ಅವಳು ನಮ್ಮ ಕಡೆ ತಿರುಗಿ ನೋಡುತ್ತಾಳೆ. ಆಗ ಒಂದು ಧ್ವನಿ, ಮುದುಕನ ಧ್ವನಿ, ಸ್ಪಷ್ಟವಾಗಿ, ಉತ್ಸಾಹದಿಂದ ಕೂಗುತ್ತದೆ: 'ನಾ ನೋಡ್ಲಿಲ್ಲವ್ವಾ! ಒನ್ಸ್ ಮೋರ್!'

ನಾನು ಹಾಗೆ ಕೂಗಿದ್ದೆನೆಂಬುದು ನನಗೆ ನೆನಪೇ ಇರಲಿಲ್ಲ. ಇಂದಿಗೂ ಇಲ್ಲ. ಆದರೆ ಧ್ವನಿ ನನ್ನದು.

ಬಿದ್ದ ಮೇಲಿನದನ್ನೂ ಹೇಳಬೇಕು. ಮಗು ನೆಲದ ಮೇಲೆ ಮುದುಡಿ ಬಿದ್ದಿದೆ. ಚಿತ್ರ ಅಲುಗುವುದಿಲ್ಲ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು ಚಿತ್ರ ಹಾಗೆಯೇ ಅವಳ ಮೇಲೆ ನೆಟ್ಟಿರುತ್ತದೆ. ಐದನೆಯದಕ್ಕೆ ಆಕಾಶ, ಸಿಮೆಂಟು, ಚಪ್ಪಲಿಗಳು ಗಿರಗಿರನೆ ತಿರುಗುತ್ತವೆ. ಅಳಿಯಂದಿರು ಏನೂ ಮಾತನಾಡಲಿಲ್ಲ. ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟರು. ಆ ನಾಲ್ಕು ಸೆಕೆಂಡು ಅವರದು, ಆ ಕೂಗು ನನ್ನದು. ಮಗಳು ಯಾರನ್ನೂ ಬೈಯಲಿಲ್ಲ, ಎದ್ದು ಹೋಗಿ ಪಾತ್ರೆ ತೊಳೆಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೆ ಕಾರಣ ಒಂದು ಹಳೆಯ ಸಂಗತಿ. ಇಷ್ಟು ವರ್ಷ ಎಷ್ಟೋ ನೆನಪುಗಳನ್ನು ಬರೆದವನು ಇದನ್ನೊಂದು ಬರೆದಿಲ್ಲ.

1986ರ ಡಿಸೆಂಬರ್. ನಾನು ಕೆಲಸಕ್ಕೆ ಸೇರಿ ನಾಲ್ಕು ವರ್ಷ. ನಮ್ಮ ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಮಲ್ಲಕಂಬದ ಪ್ರದರ್ಶನವಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಆ ಸೀಮೆಯಲ್ಲೆಲ್ಲ ಹೆಸರು ಮಾಡಿದ್ದ. ಬಡವರ ಮನೆಯವನು. ಔಡಲೆಣ್ಣೆ ಬಳಿದ ಕಂಬದ ಮೇಲೆ ಅವನು ಏರುತ್ತಿದ್ದರೆ ಎಲುಬೇ ಇಲ್ಲವೆನ್ನಬೇಕು. ಕಂಬದ ನೆತ್ತಿಯ ಮೇಲೆ ಹೊಟ್ಟೆಯೂರಿ, ಕೈಕಾಲು ಚಾಚಿ, ಗಾಳಿಯಲ್ಲಿ ಮಲಗಿದವನಂತೆ ನಿಂತ. ಮೈದಾನವೆಲ್ಲ ಚಪ್ಪಾಳೆ. ನಾಟಕ ಕಂಪನಿಗಳನ್ನು ನೋಡಿ ಬೆಳೆದ ಜನ ನಮ್ಮವರು; 'ಒನ್ಸ್ ಮೋರ್! ಒನ್ಸ್ ಮೋರ್!' ಎಂಬ ಕೂಗು ಎದ್ದಿತು. ಮುಖ್ಯ ಅತಿಥಿಗಳು ತಡವಾಗಿ ಬಂದಿದ್ದರಿಂದ ಅವರು ಪೂರ್ತಿ ನೋಡಿರಲಿಲ್ಲ. ಕಾರ್ಯಕ್ರಮದ ಉಸ್ತುವಾರಿ ನನ್ನದು. ಕಂಬದಿಂದ ಇಳಿದು ನಿಂತಿದ್ದ ಹುಡುಗ ನನ್ನ ಮುಖ ನೋಡಿದ. ತೊಡೆಗಳು ನಡುಗುತ್ತಿದ್ದವು. ಅವನ ದೈಹಿಕ ಶಿಕ್ಷಕರು ಬೇಡವೆನ್ನುವಂತೆ ತಲೆಯಾಡಿಸಿದರು. ನಾನು ಅವನ ಬೆನ್ನು ತಟ್ಟಿ, 'ಏರೋ ತಮ್ಮಾ, ಒಂದs ಸಲ' ಎಂದೆ.

ಅರ್ಧ ಏರಿದಾಗ ಜಾರಿದ. ಬಲಗೈ ಮೊಣಕೈಯಲ್ಲಿ ಮುರಿಯಿತು. ಆಗಿನ ಕಾಲದ ಚಿಕಿತ್ಸೆ, ಅವನ ಮನೆಯ ಪರಿಸ್ಥಿತಿ. ಕೈ ಕೂಡಿಕೊಂಡಿತಾದರೂ ಪೂರ್ತಿ ನೀಡಲು ಬರಲಿಲ್ಲ. ಮತ್ತೆ ಕಂಬ ಏರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟ. ಆ ಕಾರ್ಯಕ್ರಮದ ಒಂದೇ ಒಂದು ಫೋಟೊ ಇದೆ. ಅದರಲ್ಲಿ ಅವನು ಕಂಬದ ನೆತ್ತಿಯ ಮೇಲೆ ಕೈಕಾಲು ಚಾಚಿದ್ದಾನೆ. ಮೊದಲ ಸಲದ ಫೋಟೊ. ನನ್ನ ಧ್ವನಿ ಅದರಲ್ಲಿಲ್ಲ. ಆ ಕಾಲದ ಕ್ಯಾಮೆರಾಗಳು ನಮ್ಮಂಥವರನ್ನು ಕಾಪಾಡುತ್ತಿದ್ದವು.

2009ರಲ್ಲಿ ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಅವನು ಸಿಕ್ಕಿದ. ಕಂಡಕ್ಟರ್ ಆಗಿದ್ದ. ನಾನು ಗುರುತಿಸುವ ಮೊದಲೇ ಕಾಲಿಗೆ ನಮಸ್ಕರಿಸಿದ. ಟಿಕೆಟಿನ ಯಂತ್ರ ಹಿಡಿದ ಬಲಗೈ ತುಸು ಬಾಗಿಯೇ ಇತ್ತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವನೇ, 'ಸರ್, ಆ ಗ್ಯಾದರಿಂಗ್ ನೆನಪೈತ್ರಿ? ಎಷ್ಟ ಮಂದಿ ಚಪ್ಪಾಳಿ ಹೊಡದಿದ್ರರಿ! ನಮ್ಮ ಹುಡುಗರಿಗೆ ಹೇಳಿದ್ರ ನಂಬೂದಿಲ್ರಿ' ಎಂದ. ಬಸ್ಸು ಹೊರಡುವ ಹೊತ್ತಾಗಿತ್ತು, ಸೀಟಿ ಊದಿದ. ಹೇಳಬೇಕೆಂದಿದ್ದ ಮಾತು ಹಾಗೆಯೇ ಉಳಿಯಿತು. ಅವನಿಗೆ ನೆನಪಿದ್ದದ್ದು ಚಪ್ಪಾಳೆ, ನನಗೆ ನೆನಪಿದ್ದದ್ದು ಬೆನ್ನು ತಟ್ಟಿದ ನನ್ನ ಅಂಗೈ. ಅವನು ಕ್ಷಮಿಸಿದ್ದನೋ, ಕ್ಷಮಿಸುವಂಥದೇನೂ ಇದೆಯೆಂದು ಅವನಿಗೆ ತೋರಿಯೇ ಇರಲಿಲ್ಲವೋ, ಇಂದಿಗೂ ನಿರ್ಧರಿಸಲಾಗಿಲ್ಲ.

ಮರುದಿನ ನನ್ನೊಳಗೆ ಹುಟ್ಟಿದ ಪ್ರಶ್ನೆ ಇನ್ನೂ ಕಠಿಣವಾದುದು. ಆ ವಿಡಿಯೊ ಹೊರಗೆ ಹೋಗಬಾರದೆಂದು ನಾನು ಹಟ ಹಿಡಿದದ್ದು ಮಗುವಿನ ಸಲುವಾಗಿ. ಧ್ವನಿ ಕೇಳಿದ ಮೇಲೆಯೂ ಹಟ ಹಾಗೆಯೇ ಇತ್ತು. ಈಗ ಅದು ಯಾರ ಸಲುವಾಗಿ? ಅಳಿಯಂದಿರು ಕೂಡ ಹಾಕುವ ಮಾತನ್ನು ಬಿಟ್ಟಿದ್ದರು. ಅವರೂ ಯಾರ ಸಲುವಾಗಿ ಬಿಟ್ಟರು? ಫ್ರಾನ್ಸಿನಲ್ಲಿ 2020ರಲ್ಲಿ ಒಂದು ಕಾನೂನು ಮಾಡಿದ್ದಾರೆ. ವಿಡಿಯೊಗಳಿಂದ ಹೆಸರಾದ ಮಕ್ಕಳ ಗಳಿಕೆಯನ್ನು ಅವರು ಪ್ರಾಪ್ತವಯಸ್ಕರಾಗುವ ತನಕ ಬೇರೆ ಖಾತೆಯಲ್ಲಿ ಇಡಬೇಕು. ಅಷ್ಟೇ ಅಲ್ಲ, ತನ್ನ ಚಿತ್ರಗಳನ್ನು ತೆಗೆದುಹಾಕಿಸುವ ಹಕ್ಕು ಆ ಮಗುವಿಗೇ ಇದೆ, ತಂದೆತಾಯಿಯ ಒಪ್ಪಿಗೆ ಬೇಕಿಲ್ಲ. ಇದನ್ನು ಓದಿದಾಗ ಹೊಳೆಯಿತು, ಮೂವರು ಹಿರಿಯರು ಒಂದು ಮೊಬೈಲಿನ ಸುತ್ತ ಕುಳಿತು ಪಂಚಾಯಿತಿ ಮಾಡಿದೆವೇ ಹೊರತು ಬಿದ್ದವಳನ್ನು ಕರೆದಿರಲಿಲ್ಲ.

ಕರೆದೆವು. ಅವಳು ತಾನು ಬಿದ್ದುದನ್ನು ಒಂದು ಸಲ ನೋಡಿದಳು. ನಾವು ಮೂವರೂ ಅವಳ ಮುಖ ನೋಡುತ್ತಿದ್ದೆವು. ಆಮೇಲೆ ಪ್ಲಾಸ್ಟರ್ ಹಾಕದ ಕೈಯಿಂದ ಅದನ್ನು ಹಿಂದೆ ಸರಿಸಿ ಮತ್ತೆ ನೋಡಿದಳು, ಮತ್ತೆ, ಮತ್ತೆ. ನನ್ನ ಕೂಗು ಪ್ರತಿ ಸಲವೂ ಕೇಳಿಸುತ್ತಿತ್ತು. ಅವಳಿಗೆ ಅದು ಕೇಳಿಸುತ್ತಲೇ ಇರಲಿಲ್ಲವೆಂದು ತೋರುತ್ತದೆ. 'ನೋಡು ಅಪ್ಪ, ಹಿಂದಿನ ಕಾಲು ತುದಿಯಲ್ಲಿ ಇರಬೇಕಿತ್ತು, ಮಧ್ಯ ಇದೆ. ಅದಕ್ಕೇ ತಿರುಗಲಿಲ್ಲ' ಎಂದಳು. ಹಾಕಲೇ ಎಂದು ಅಳಿಯಂದಿರು ಬಹಳ ಮೆತ್ತಗೆ ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. 'ಬೇಡ. ಇದು ನಂದು. ಸರಿಯಾಗಿ ಮಾಡಿದ ಮೇಲೆ ಎರಡೂ ಸೇರಿಸಿ ಹಾಕೋಣ, ಇಲ್ಲಾಂದ್ರೆ ಬೇಡ.'

ನಾನು ಅವಳ ಬಳಿ ಒಬ್ಬನೇ ಇದ್ದಾಗ ಆ ಕೂಗಿನ ಮಾತು ತೆಗೆದೆ. ನನ್ನಿಂದಾಗಿ ಬಿದ್ದೆಯವ್ವಾ ಎಂದೆ. 'ಇಲ್ಲ ಅಜ್ಜ, ನಾನು ಹೇಗಿದ್ರೂ ಇನ್ನೊಂದ್ಸಲ ಮಾಡ್ತಿದ್ದೆ' ಎಂದಳು. ಅದು ಸತ್ಯವಿರಬಹುದು, ಅಥವಾ ಮುದುಕನಿಗೆ ನೋವಾಗಬಾರದೆಂದು ಹೇಳಿದ್ದಿರಬಹುದು. ಆ ವಯಸ್ಸಿನ ಮಕ್ಕಳಿಗೆ ಎರಡೂ ಬರುತ್ತದೆ.

ಪ್ಲಾಸ್ಟರ್ ತೆಗೆದ ಮೇಲೂ ಡಾಕ್ಟರು ಕೆಲವು ವಾರ ಹಲಗೆ ಮುಟ್ಟಬಾರದೆಂದಿದ್ದರು. ಅಷ್ಟು ದಿನ ನಾನೂ ಉಳಿದೆ. ಗಣಿತ ಹೇಳಿಕೊಟ್ಟೆ, ಅವಳು ನನಗೆ ಮೊಬೈಲಿನಲ್ಲಿ ಚಿತ್ರವನ್ನು ನಿಧಾನಗೊಳಿಸಿ ನೋಡುವುದನ್ನು ಹೇಳಿಕೊಟ್ಟಳು. ಊರಿಗೆ ಹೊರಡುವ ಹಿಂದಿನ ಶನಿವಾರ ಮತ್ತೆ ಆ ತಗ್ಗಿಗೆ ಹೋದೆವು. ಮಣಿಕಟ್ಟಿಗೂ ಈಗ ಒಂದು ಕವಚ ಬಂದಿತ್ತು. ಅಳಿಯಂದಿರು ಮೊಬೈಲನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಎರಡೂ ಕೈ ಖಾಲಿ ಬಿಟ್ಟು ಇಳಿಜಾರಿನ ಬುಡದಲ್ಲಿ ನಿಂತರು. ದಂಡೆಯ ಮೇಲಿಂದ ಮೊಮ್ಮಗಳು ಕೂಗಿದಳು: 'ಅಪ್ಪಾ, ವಿಡಿಯೊ ತೆಗಿ! ಕಾಲು ಎಲ್ಲಿರುತ್ತೆ ನೋಡ್ಬೇಕು!' ಅವರು ನನ್ನ ಕಡೆ ನೋಡಿದರು. ನಾನು ಮೊಬೈಲು ಇಸಿದುಕೊಂಡೆ. ಅವರು ಕೈ ಚಾಚಿ ಬುಡದಲ್ಲೇ ನಿಂತರು.

ಕನ್ನಡಕವನ್ನು ಮೊದಲೇ ಒರೆಸಿಕೊಂಡಿದ್ದೆ. ಅವಳು ಇಳಿದಳು, ಜೀಕಿದಳು, ಆಚೆಯ ಗೋಡೆಯಲ್ಲಿ ತಿರುಗಿದಳು. ಸರಿಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ, ಬೀಳಲಿಲ್ಲವೆಂಬುದಷ್ಟೇ ತಿಳಿಯಿತು. ಓಡಿ ಬಂದು ಮೊಬೈಲು ಕೇಳಿದಳು. ಚಿತ್ರದ ತುಂಬ ನನ್ನ ಹೆಬ್ಬೆರಳು.